ರೈಡ್ ಚೆಕ್ ಮಾಡಿ, ರಿಪೇರಿಗೆ ಆತುರ ಬೇಡ

ಮದುವೆ ಫೋಟೊ ತೆಗೆಯುವ ಸ್ಟುಡಿಯೋದವರೊಬ್ಬರು ಹೋದ ಮಳೆಗಾಲದಲ್ಲಿ ಫೋನ್ ಮಾಡಿದರು. ‘ಸಾರ್, ಲೈಟೆಲ್ಲ ಹಸಿರೇ ಇದೆ. ಆದ್ರೆ ಫೋಟೊ ಅರ್ಧ ಬರ್ತದೆ, ಕೆಳಗೆಲ್ಲ ಬೂದಿ ಬಣ್ಣ.’

ಹೋಗಿ ನೋಡಿದೆ. ನಾಲ್ಕು ಡಿಸ್ಕಿನ ರೈಡ್ 5, ಲಿನಕ್ಸ್ ಮೇಲೆ ನಡೆಯುವುದು. ರೈಡ್ (RAID) ಅಂದರೆ ಹಲವು ಡಿಸ್ಕುಗಳನ್ನು ಸೇರಿಸಿ ಒಂದೇ ಆಗಿ ಕಟ್ಟುವುದು. ರೈಡ್ 5ರಲ್ಲಿ ಡೇಟಾ ಜೊತೆಗೆ ಪ್ಯಾರಿಟಿ ಎಂಬ ತಾಳೆ ಲೆಕ್ಕವೂ ಇರುತ್ತದೆ, ಒಂದು ಡಿಸ್ಕ್ ಸತ್ತರೆ ಅದರಲ್ಲಿದ್ದುದನ್ನು ಉಳಿದವುಗಳಿಂದ ಲೆಕ್ಕ ಹಾಕಿ ತುಂಬಬಹುದು. ಕರೆಂಟ್ ಹೋಗಿ ಬಂದಾಗ ಚೆಕ್ ಮಾಡಿದ್ದಾರೆ, ಅಂದರೆ ಡಿಸ್ಕುಗಳ ಲೆಕ್ಕ ತಾಳೆಯಾಗುತ್ತದೆಯಾ ಎಂಬ ಪರೀಕ್ಷೆ. ಸೊನ್ನೆ ಬರಬೇಕಾದಲ್ಲಿ ಏನೋ ಅಂಕಿ ಬಂದಿದೆ. ಗಾಬರಿಯಾಗಿ ರಿಪೇರಿ, ಅಂದರೆ ತಾಳೆಯಾಗದ್ದನ್ನು ತಿದ್ದಿ ಬರೆಯುವ ಆದೇಶ, ಕೊಟ್ಟಿದ್ದಾರೆ. ಮತ್ತೆ ಚೆಕ್, ಬೇರೆ ಅಂಕಿ, ಮತ್ತೆ ರಿಪೇರಿ. ಹೀಗೆ ಮೂರು ಸಲ. ವಾರ ಕಳೆದ ಮೇಲೆ ಒಂದು ಡಿಸ್ಕ್ ಸತ್ತಿದೆ, ಹೊಸದು ಹಾಕಿದ್ದಾರೆ. ಹೊಸ ಡಿಸ್ಕಿಗೆ ತುಂಬಿದ್ದು ಆ ‘ರಿಪೇರಿ’ಯಾದ ಲೆಕ್ಕದಿಂದ. ಮೆಮೊರಿ ಟೆಸ್ಟ್ ಹಾಕಿದೆ. ಹತ್ತು ನಿಮಿಷದಲ್ಲಿ ಪರದೆ ತುಂಬ ಕೆಂಪು ಗೆರೆ. ಕೆಟ್ಟಿದ್ದು ರ‍್ಯಾಮ್!

ಇಂಥದ್ದನ್ನು ಬೇರೆ ಕಡೆಯೂ ಕಂಡಿದ್ದೇನೆ. ಅದಕ್ಕೇ ಈ ಲೇಖನ.

ಚೆಕ್ ಯಾಕೆ ಬೇಕು ಅಂದರೆ, ಎರಡು ವರ್ಷದ ಹಿಂದಿನ ಮದುವೆ ಫೋಟೊ ಯಾರೂ ತೆರೆಯುವುದಿಲ್ಲ. ಅದು ಕೂತಿರುವ ಸೆಕ್ಟರ್ (ಡಿಸ್ಕಿನ ಮೇಲಿನ ಒಂದು ಚಿಕ್ಕ ತುಂಡು ಜಾಗ) ಸುಮ್ನೆ ಕೆಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಇನ್ನೊಂದು ಡಿಸ್ಕ್ ಸತ್ತಾಗ. ಅಷ್ಟರಲ್ಲಿ ಹೊತ್ತು ಮೀರಿರುತ್ತದೆ.

1. ಬ್ಯಾಕಪ್ ತೆಗೆದುಕೊಳ್ಳಿ. ರೈಡ್ ಬ್ಯಾಕಪ್ ಅಲ್ಲ. ಇದರಲ್ಲಿ ಚರ್ಚೆಗೆ ಜಾಗವಿಲ್ಲ.

2. ಯುಪಿಎಸ್ ಬ್ಯಾಟರಿ ನೋಡಿ. ಪ್ಲಗ್ ಕಿತ್ತು ಐದು ನಿಮಿಷ ನಿಲ್ಲದ ಯುಪಿಎಸ್ ಬರೀ ಅಲಂಕಾರ. ಈ ಪರೀಕ್ಷೆಗೆ ಟೇಬಲ್ ಫ್ಯಾನ್ ಸಾಕು, ರೈಡ್ ಪೆಟ್ಟಿಗೆಯನ್ನೇ ಸಿಕ್ಕಿಸಿ ಪ್ರಯೋಗ ಮಾಡಬೇಡಿ.

3. ಅರೇ, ಅಂದರೆ ಸೇರಿಸಿ ಕಟ್ಟಿದ ಡಿಸ್ಕುಗಳ ಗುಂಪು, ಪೂರ್ತಿ ಇದೆಯಾ ನೋಡಿ. ಲಿನಕ್ಸಿನ ಎಂಡಿಸ್ಟ್ಯಾಟ್ ಫೈಲ್ (/proc/mdstat) ತೆರೆದರೆ ಚೌಕ ಕಂಸದೊಳಗೆ ನಾಲ್ಕು ಡಿಸ್ಕಿಗೆ ನಾಲ್ಕು ‘ಯು’ ಇರಬೇಕು. ಒಂದರ ಜಾಗದಲ್ಲಿ ಅಡಿಗೆರೆ ಕಂಡರೆ ಆ ಡಿಸ್ಕ್ ಆಟದಲ್ಲಿಲ್ಲ. ಆಗ ಚೆಕ್ ಮಾತು ಬಿಡಿ, ಮೊದಲು ಡಿಸ್ಕ್ ಬದಲಿಸಿ.

4. ಡಿಸ್ಕುಗಳ ಸ್ಮಾರ್ಟ್ (SMART) ವರದಿ ಓದಿ, ಇದು ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ದಾಖಲೆ. ಉದ್ದದ ಪಟ್ಟಿ ಬರುತ್ತದೆ, ಹೆದರಬೇಡಿ. ನಾನು ನೋಡುವುದು ಮೂರೇ ಸಾಲು. 5ನೆಯದು, ಬದಲಿ ಜಾಗಕ್ಕೆ ಸರಿಸಿದ ಸೆಕ್ಟರ್‌ಗಳು. 197ನೆಯದು, ಓದಲು ಬಾರದೆ ಕಾಯುತ್ತಿರುವ ಸೆಕ್ಟರ್‌ಗಳು. ಇದು ಏರುತ್ತಾ ಹೋದರೆ ಆ ಡಿಸ್ಕಿನ ದಿನ ಮುಗಿಯುತ್ತಾ ಬಂತು ಅಂತಲೇ ಲೆಕ್ಕ. 199ನೆಯದು, ಡೇಟಾ ಸಾಗಿಸುವಾಗ ಆದ ತಪ್ಪುಗಳು. ಇದು ಹೆಚ್ಚಾಗಿ ಡಿಸ್ಕಿನ ತಪ್ಪಲ್ಲ, ಕೇಬಲ್‌ನದು. ಒಂದು ಮಾತು: ಕೇಬಲ್ ಬದಲಿಸಿದರೂ 199ರ ಅಂಕಿ ಇಳಿಯುವುದಿಲ್ಲ. ಇಳಿಯಲಿಲ್ಲ ಅಂತ ಒಳ್ಳೆಯ ಡಿಸ್ಕನ್ನೇ ಎಸೆದವರನ್ನು ಬಲ್ಲೆ. ಏರುವುದು ನಿಂತಿದೆಯಾ ಅಂತಷ್ಟೇ ನೋಡಿ.

ಡಿಸ್ಕಿನ ಮಾತು ಬಂದಿದ್ದಕ್ಕೆ ಹೇಳಿಬಿಡುತ್ತೇನೆ. ರೈಡ್ ಎಂಬ ಹೆಸರನ್ನು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕ್ಯಾಟ್ಜ್ 1988ರ ಪ್ರಬಂಧದಲ್ಲಿ ಕೊಟ್ಟಾಗ ಅದರೊಳಗಿನ ‘ಐ’ ಅಕ್ಷರಕ್ಕೆ ಅರ್ಥ ಇದ್ದದ್ದು ಇನ್‌ಎಕ್ಸ್‌ಪೆನ್ಸಿವ್, ಅಗ್ಗ ಅಂತಲೇ. ಹಾಗಂತ ಆಫರ್‌ನಲ್ಲಿ ಸಿಕ್ಕ ಡಿಸ್ಕನ್ನೆಲ್ಲ ತುಂಬಬೇಡಿ. ಎಸ್‌ಎಂಆರ್ ಎಂಬ ಬಗೆಯ ಡಿಸ್ಕುಗಳಲ್ಲಿ ಟ್ರ್ಯಾಕುಗಳು (ಡೇಟಾ ಬರೆಯುವ ಸಾಲುಗಳು) ಹಂಚಿನ ಮಾಡಿನ ಹಾಗೆ ಒಂದರ ಮೇಲೊಂದು ಹತ್ತಿ ಕೂತಿರುತ್ತವೆ. ನಡುವಿನ ಒಂದು ಹಂಚು ಬದಲಿಸಲು ಪಕ್ಕದ್ದನ್ನೂ ಎಬ್ಬಿಸಬೇಕು ಅಲ್ವಾ, ಹಾಗೇ ಇಲ್ಲೂ. ಒಂದೇ ಸಮನೆ ಬರೆಯುವ ಕೆಲಸ ಬಂದರೆ ತೆವಳುತ್ತವೆ. ಯುಎಸ್‌ಬಿ ಡಾಕ್‌ನಲ್ಲಿ ನಾಲ್ಕು ಡಿಸ್ಕ್ ಸಿಕ್ಕಿಸಿ ರೈಡ್ ಕಟ್ಟುವುದಂತೂ ಬೇಡವೇ ಬೇಡ.

5. ಚೆಕ್ ಶುರು ಮಾಡಿ. ಅರೇಯ ಸಿಂಕ್ ಆ್ಯಕ್ಷನ್ (sync_action) ಫೈಲಿಗೆ ‘ಚೆಕ್’ (check) ಎಂಬ ಪದ ಬರೆದರೆ ಮುಗಿಯಿತು. 4 ಟಿಬಿ ಡಿಸ್ಕುಗಳಾದರೆ ಬೇರೆ ಕೆಲಸವಿಲ್ಲದಾಗಲೂ ಏಳೆಂಟು ಗಂಟೆ ಬೇಕು. ರಾತ್ರಿ ಹಚ್ಚಿ ಮಲಗಿ.

6. ಬಂದ ಅಂಕಿ ಓದಿ. ಜನ ಎಡವುವುದು ಇಲ್ಲಿ, ಸ್ವಲ್ಪ ನಿಧಾನವಾಗಿ ಹೋಗೋಣ.

ಚೆಕ್ ನಡೆಯುವಾಗ ಎರಡು ಬಗೆಯ ತಪ್ಪು ಸಿಗಬಹುದು. ಮೊದಲನೆಯದು, ಡಿಸ್ಕ್ ‘ಈ ಸೆಕ್ಟರ್ ಓದಲಾಗಲಿಲ್ಲ’ ಎಂದು ಒಪ್ಪಿಕೊಳ್ಳುವುದು. ಇದು ಸುಲಭ. ಉಳಿದ ಡಿಸ್ಕುಗಳಿಂದ ಲೆಕ್ಕ ಹಾಕಿ ಲಿನಕ್ಸ್ ಅದನ್ನು ತಾನೇ ಮತ್ತೆ ಬರೆಯುತ್ತದೆ. ಎರಡನೆಯದು ಕಷ್ಟದ್ದು. ಎಲ್ಲಾ ಡಿಸ್ಕುಗಳೂ ಧೈರ್ಯವಾಗಿ ಉತ್ತರ ಕೊಡುತ್ತವೆ, ಉತ್ತರಗಳು ತಾಳೆಯಾಗುವುದಿಲ್ಲ. ಇದನ್ನು ಚೆಕ್ ಎಣಿಸುತ್ತದೆ ಅಷ್ಟೇ, ಮುಟ್ಟುವುದಿಲ್ಲ. ಆ ಎಣಿಕೆಯೇ ಮಿಸ್‌ಮ್ಯಾಚ್ ಕೌಂಟ್ (mismatch_cnt).

ಒಂದು ಬಿಟ್ ಹಿಡಿದು ನೋಡಿ. ಮೂರು ಡಿಸ್ಕಿನಲ್ಲಿ 1, 0, 1 ಇದೆ. ಒಟ್ಟು ಒಂದುಗಳು ಸಮಸಂಖ್ಯೆಯಾಗಬೇಕು ಎಂಬುದು ನಿಯಮ, ಹಾಗಾಗಿ ನಾಲ್ಕನೆಯದರಲ್ಲಿ ಪ್ಯಾರಿಟಿ 0. ಈಗ ಓದಿದಾಗ 1, 1, 1, 0 ಬಂತು ಅನ್ನಿ. ಒಂದುಗಳು ಮೂರಾದವು, ಎಲ್ಲೋ ತಪ್ಪಿದೆ. ಎಲ್ಲಿ? ನಾಲ್ಕರಲ್ಲಿ ಯಾವುದನ್ನು ತಿರುಗಿಸಿದರೂ ಲೆಕ್ಕ ಸರಿಹೋಗುತ್ತದೆ! ಕಳ್ಳ ಯಾರು ಎಂದು ರೈಡ್ 5ಕ್ಕೆ ಗೊತ್ತಿಲ್ಲ. ರಿಪೇರಿ ಕೊಟ್ಟರೆ ಅದು ಡೇಟಾ ಸರಿಯಿದೆ ಎಂದು ನಂಬಿ ಪ್ಯಾರಿಟಿಯನ್ನು 1 ಮಾಡುತ್ತದೆ. ಸರಿಯಿದ್ದದ್ದು ಪ್ಯಾರಿಟಿಯೇ ಆಗಿದ್ದರೆ, ಫೋಟೊ ಉಳಿಸುವ ಕೊನೆಯ ಸಾಕ್ಷಿಯನ್ನು ನೀವೇ ಅಳಿಸಿದಿರಿ. ಒಂದೇ ಡೇಟಾದ ಪ್ರತಿ ಎಲ್ಲಾ ಡಿಸ್ಕಿನಲ್ಲೂ ಇರುವ ರೈಡ್ 1ರಲ್ಲಿ ಇನ್ನೂ ಒರಟು: ಮೊದಲ ಡಿಸ್ಕಿನದ್ದನ್ನು ಎತ್ತಿ ಇನ್ನೊಂದರ ಮೇಲೆ ಬರೆಯುತ್ತದೆ. ರೈಡ್ 6ರಲ್ಲಿ ಎರಡು ಪ್ಯಾರಿಟಿ ಇರುವುದರಿಂದ ತಪ್ಪಿದ ಡಿಸ್ಕನ್ನು ಲೆಕ್ಕ ಹಾಕಿ ಹಿಡಿಯಬಹುದು. ಆದರೆ ಲಿನಕ್ಸಿನ ರಿಪೇರಿ ಆ ಗೋಜಿಗೇ ಹೋಗುವುದಿಲ್ಲ.

ಅಂಕಿ ದೊಡ್ಡದಿದೆ ಅಂತ ಎದೆ ಹೊಡೆದುಕೊಳ್ಳಬೇಡಿ. ಎಣಿಕೆ 512 ಬೈಟಿನ ಸೆಕ್ಟರ್ ಲೆಕ್ಕದಲ್ಲಿರುತ್ತದೆ, ಆದರೆ ಚೆಕ್ ದೊಡ್ಡ ತುಂಡುಗಳಲ್ಲಿ ಓದುತ್ತದೆ. 128 ಬಂದರೆ 64 ಕೆಬಿಯ ಒಂದೇ ತುಂಡಿನಲ್ಲಿ ಒಂದೇ ತಪ್ಪು ಇರಬಹುದು. ರೈಡ್ 1ರ ಮೇಲೆ ಸ್ವ್ಯಾಪ್ (ರ‍್ಯಾಮ್ ಸಾಲದಾಗ ಬಳಸುವ ಡಿಸ್ಕಿನ ಜಾಗ) ಇಟ್ಟಿದ್ದರೆ ಏನೂ ಕೆಡದೆಯೂ ಚಿಲ್ಲರೆ ಅಂಕಿ ಬರುತ್ತದೆ. ರೈಡ್ 5, 6ರಲ್ಲಿ ಮಾತ್ರ ಸೊನ್ನೆಯಲ್ಲದ ಯಾವ ಅಂಕಿಯನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ.

ನಾನು ಮಾಡುವುದು ಹೀಗೆ. ಅಂಕಿಯನ್ನು ಬರೆದಿಟ್ಟು, ಏನನ್ನೂ ಬದಲಿಸದೆ ಇನ್ನೊಂದು ಸಲ ಚೆಕ್. ಎರಡೂ ಸಲ ಅದೇ ಅಂಕಿ ಬಂದರೆ ತಪ್ಪು ಡಿಸ್ಕಿನ ಮೇಲೆ ಹಾಗೇ ಕೂತಿದೆ, ಬಹುಶಃ ಯಾವತ್ತೋ ಕರೆಂಟ್ ಹೋದಾಗ ಅರ್ಧ ಬರೆದದ್ದು. ಅಂಕಿ ಬದಲಾಯಿತು ಅಂದರೆ ಓದುವ ದಾರಿಯಲ್ಲೇ ಏನೋ ಇದೆ: ರ‍್ಯಾಮ್, ಕೇಬಲ್, ಕಂಟ್ರೋಲರ್. ರಾತ್ರಿಯಿಡೀ ಮೆಮೊರಿ ಟೆಸ್ಟ್ ಓಡಿಸಿ. ಅದು ಪಾಸಾಗುವ ತನಕ ರಿಪೇರಿ ಪದವನ್ನೇ ಟೈಪ್ ಮಾಡಬೇಡಿ. ಆ ಸ್ಟುಡಿಯೋದಲ್ಲಿ ತಪ್ಪಿದ್ದು ಇಷ್ಟೇ.

ಅಂಕಿ ಅದೇ ಇದ್ದರೂ ರಿಪೇರಿಗೆ ಮುಂಚೆ ಫೈಲುಗಳನ್ನು ಬ್ಯಾಕಪ್ ಜೊತೆ ಚೆಕ್‌ಸಮ್ (ಫೈಲಿನ ಡೇಟಾದಿಂದ ಲೆಕ್ಕ ಹಾಕಿದ ಗುರುತಿನ ಅಂಕಿ) ಹಾಕಿ ಹೋಲಿಸಿ. ಡೇಟಾ ಸರಿಯಿದೆ ಎಂದು ಕಣ್ಣಾರೆ ಕಂಡ ಮೇಲೆ ಪ್ಯಾರಿಟಿ ಮತ್ತೆ ಬರೆಸಲು ಅಭ್ಯಂತರವಿಲ್ಲ.

7. ರಿಪೇರಿ, ಆಮೇಲೆ ಇನ್ನೊಂದು ಚೆಕ್. ರಿಪೇರಿ ಮುಗಿದಾಗಲೂ ಹಳೆಯ ಅಂಕಿಯೇ ಕಾಣುತ್ತದೆ, ಅದು ‘ಇಷ್ಟು ಸಿಕ್ಕವು’ ಎಂಬ ಲೆಕ್ಕ. ಸೊನ್ನೆ ಕಾಣಬೇಕಿರುವುದು ಆಮೇಲಿನ ಚೆಕ್‌ನಲ್ಲಿ.

ಸಿನಾಲಜಿಯಂಥ ರೆಡಿಮೇಡ್ ಪೆಟ್ಟಿಗೆ ಇದ್ದವರಿಗೆ ಇಷ್ಟು ಪಾಡಿಲ್ಲ. ಸ್ಟೋರೇಜ್ ಮ್ಯಾನೇಜರ್‌ನಲ್ಲಿ ಇಂಥದ್ದೇ ಪರೀಕ್ಷೆ ಡೇಟಾ ಸ್ಕ್ರಬ್ಬಿಂಗ್ ಇದೆ. ಬಿಟಿಆರ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಬಳಸಿದ್ದರೆ ಪ್ರತಿ ತುಂಡಿಗೂ ಚೆಕ್‌ಸಮ್ ಇರುವುದರಿಂದ ಯಾವ ಪ್ರತಿ ಸುಳ್ಳು ಎಂದು ಅದಕ್ಕೇ ಗೊತ್ತಾಗುತ್ತದೆ. ಆದರೆ ಶೇರ್ಡ್ ಫೋಲ್ಡರ್ ಮಾಡುವಾಗಲೇ ಚೆಕ್‌ಸಮ್‌ಗೆ ಟಿಕ್ ಹಾಕಿರಬೇಕು. ಜನ ಆ ಟಿಕ್ ಬಿಟ್ಟೇಬಿಡುತ್ತಾರೆ. ಹೊಸದಾಗಿ ಕಟ್ಟುವವರಿಗೆ ನಾನು ಕಣ್ಣುಮುಚ್ಚಿ ಹೇಳುವುದು ಜ಼ಡ್‌ಎಫ್‌ಎಸ್, ಅದೂ ಚೆಕ್‌ಸಮ್ ಇಡುವ ಫೈಲ್ ಸಿಸ್ಟಮ್.

8. ತಿಂಗಳಿಗೊಮ್ಮೆ ತಾನಾಗಿ ನಡೆಯುವಂತೆ ಇಡಿ. ಲಿನಕ್ಸಿನ ಒಂದು ರೂಪವಾದ ಡೆಬಿಯನ್‌ನಲ್ಲಿ ತಿಂಗಳ ಮೊದಲ ಭಾನುವಾರ ಚೆಕ್ ಓಡುವ ಪದ್ಧತಿ ಹಿಂದಿನಿಂದ ಇದೆ. ಮದುವೆ ಸೀಸನ್‌ನಲ್ಲಿ ಸ್ಟುಡಿಯೋದವರಿಗೆ ಭಾನುವಾರವೇ ಜಾಸ್ತಿ ಕೆಲಸ, ಅವರು ಮಂಗಳವಾರ ರಾತ್ರಿಗೆ ಸರಿಸಿಕೊಳ್ಳಲಿ. ಬಂದ ಅಂಕಿ, ತಾರೀಕು, ಬದಲಿಸಿದ ಕೇಬಲ್ ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಪಕ್ಕಕ್ಕೇ ಅಂಟಿಸಿ. ಕಂಪ್ಯೂಟರಿನೊಳಗೆ ಬರೆದಿಟ್ಟರೆ, ಅದು ಬೇಕಾಗುವ ದಿನವೇ ಕಂಪ್ಯೂಟರ್ ಎದ್ದಿರುವುದಿಲ್ಲ.