ನನ್ನ ಆಮೆ 14 ಪಾಯಿಂಟ್ ಜಾಸ್ತಿ ಓಡಿತು

ತುಮಕೂರಿನ ಎಪಿಎಂಸಿ ಯಾರ್ಡ್‌ನಲ್ಲಿ, ಒಂದು ಹುಣಸೆಹಣ್ಣಿನ ಮಂಡಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಬೇರೆಯವರ ಚೀಟಿಯಲ್ಲಿ ತಪ್ಪು ಅಂಕಿ ಹುಡುಕುವುದೇ ಕೆಲಸ. ಅಂಥವನು ಬೆಂಗಳೂರಿನಲ್ಲಿ ನಡೆದ ರಾಷ್ಟ್ರಮಟ್ಟದ ಪೋಕೆಮಾನ್ ವಿಡಿಯೊ ಗೇಮ್ ಟೂರ್ನಮೆಂಟ್‌ಗೆ ಒಂದು ತಪ್ಪು ಅಂಕಿ ಹೊತ್ತುಕೊಂಡು ಹೋಗಿದ್ದೆ.

ಈ ಆಟ ಕಾರ್ಟೂನ್ ನೋಡಿ ಬೆಳೆದವರು ಅಂದುಕೊಂಡ ಹಾಗಲ್ಲ. ಇಬ್ಬರೂ ಆರಾರು ಪೋಕೆಮಾನ್, ಅಂದರೆ ಕಾದಾಡುವ ಪ್ರಾಣಿಗಳನ್ನು ತರುತ್ತಾರೆ. ಎದುರಿನವರ ಆರನ್ನೂ ನೋಡಿ, 90 ಸೆಕೆಂಡಿನಲ್ಲಿ ನಮ್ಮ ನಾಲ್ಕನ್ನು ಆರಿಸಬೇಕು. ಅಖಾಡದಲ್ಲಿ ಒಂದು ಸಲಕ್ಕೆ ಎರಡೆರಡು. ಎಲ್ಲವೂ 50ನೇ ಲೆವೆಲ್‌ಗೆ ಬಂದು ನಿಲ್ಲುತ್ತವೆ, ಹಾಗಾಗಿ ಹೆಚ್ಚು ಹೊತ್ತು ಆಡಿ ಲೆವೆಲ್ ಏರಿಸಿದವನಿಗೆ ಲಾಭವೇನೂ ಇಲ್ಲ. ಒಂದು ಟರ್ನ್ ಯೋಚಿಸಲು 45 ಸೆಕೆಂಡ್, ಇಡೀ ಆಟಕ್ಕೆ ನಮ್ಮ ಪಾಲಿಗೆ 7 ನಿಮಿಷ.

ನಾನು ಕಟ್ಟಿದ್ದು ಟ್ರಿಕ್ ರೂಮ್ ತಂಡ. ಸಾಮಾನ್ಯವಾಗಿ ಸ್ಪೀಡ್ ಜಾಸ್ತಿ ಇರುವುದು ಮೊದಲು ಹೊಡೆಯುತ್ತದೆ, ಟ್ರಿಕ್ ರೂಮ್ ಎಂಬ ತಂತ್ರ ಹಾಕಿದರೆ ನಿಧಾನ ಇರುವುದು ಮೊದಲು. ನನ್ನ ದೊಡ್ಡ ಅಸ್ತ್ರ ಟಾರ್ಕೋಲ್, ಬೆನ್ನ ಮೇಲೆ ಹೊಗೆ ಬಿಡುವ ಕಲ್ಲಿದ್ದಲ ಆಮೆ. ಅದರ ಎರಪ್ಷನ್ ಏಟು ಎದುರಿನ ಎರಡಕ್ಕೂ ಬೀಳುತ್ತದೆ. ಆಮೆಗೆ ಗಾಯವಾಗದೆ ಇದ್ದರೆ ಅದರ ಬಲ 150. ಗಾಯವಾದಷ್ಟೂ ಇಳಿಯುತ್ತದೆ. ಅಂದರೆ ಆಮೆ ಪೆಟ್ಟು ತಿನ್ನುವ ಮೊದಲೇ ಹೊಡೆಯಬೇಕು. ಟ್ರಿಕ್ ರೂಮ್ ಹಾಕುವವಳು ಹ್ಯಾಟರೀನ್ ಎಂಬ ಪೋಕೆಮಾನ್. ಅವಳಿಗೆ ಕಾವಲು ಇಂಡೀಡೀ ಎಂಬ ಇನ್ನೊಂದು. ಇಂಡೀಡೀ ಬಂದ ಕೂಡಲೇ ನೆಲ ಸೈಕಿಕ್ ಟೆರೈನ್ ಆಗುತ್ತದೆ. ಆಗ ಫೇಕ್ ಔಟ್‌ನಂಥ, ಸ್ಪೀಡ್ ಲೆಕ್ಕಿಸದೆ ಮೊದಲೇ ಬೀಳುವ ಅವಸರದ ಏಟುಗಳು ನೆಲದ ಮೇಲಿರುವ ನಮ್ಮವರಿಗೆ ತಾಗುವುದಿಲ್ಲ.

ಟ್ರಿಕ್ ರೂಮ್ 5 ಟರ್ನ್ ಇರುತ್ತದೆ. ಹಾಕಿದ ಟರ್ನೂ ಅದರಲ್ಲಿ ಸೇರಿತು, ಕೈಗೆ ಸಿಗುವುದು ನಾಲ್ಕೇ. ಶುರುವಿನಲ್ಲಿ ಇದನ್ನೇ ಎಣಿಸಲಾಗದೆ ಸೋಲುತ್ತಿದ್ದೆ. ಹಾಗಾಗಿ ಮಂಡಿಯಿಂದ ಐದು ಹುಣಸೆ ಬೀಜ ತಂದು ಮಂಚದ ಮೇಲಿಟ್ಟುಕೊಂಡೆ. ಟರ್ನಿಗೊಂದು ಸರಿಸುವುದು. ಅಮ್ಮ ನೋಡಿ, "ಚೌಕಾಬಾರ ಆಡೋ ವಯಸ್ಸೇನೋ ಇದು?" ಎಂದರು. ಟೂರ್ನಮೆಂಟ್‌ನಲ್ಲಿ ಬೀಜದ ಬದಲು ಖಾಲಿ ಹಾಳೆಯಲ್ಲಿ ಗೆರೆ ಎಳೆದೆ. ಬರೆದುಕೊಳ್ಳಬಹುದು, ಆದರೆ ಹಾಳೆ ಶುರುವಿನಲ್ಲಿ ಖಾಲಿ ಇರಬೇಕು.

ಅಭ್ಯಾಸವೆಲ್ಲ ನಡೆದದ್ದು ಪೋಕೆಮಾನ್ ಶೋಡೌನ್‌ನಲ್ಲಿ. ಬ್ರೌಸರ್‌ನಲ್ಲೇ ಬಿಟ್ಟಿಯಾಗಿ ಆಡಬಹುದು. ಎಡವಟ್ಟು ಆಗಿದ್ದೂ ಇಲ್ಲೇ. ಪ್ರತಿ ಪೋಕೆಮಾನ್‌ಗೂ ಹುಟ್ಟಿನಿಂದ ಬಂದ ಐವಿ ಅಂಕಿಗಳಿರುತ್ತವೆ, 0 ಇಂದ 31ರ ತನಕ. ನನ್ನ ಆಮೆಗೆ ಸ್ಪೀಡ್ ಐವಿ ಸೊನ್ನೆ ಬೇಕು. ಶೋಡೌನ್‌ನಲ್ಲಿ ಸೊನ್ನೆ ಎಂದು ಟೈಪ್ ಮಾಡಿದರೆ ಮುಗಿಯಿತು. ಆ ಟೂರ್ನಮೆಂಟ್ ಆಡಿದ್ದು ನಿಂಟೆಂಡೊದ ಸ್ವಿಚ್ ಎಂಬ ಗೇಮ್ ಯಂತ್ರದಲ್ಲಿ, ಸ್ಕಾರ್ಲೆಟ್-ವಯಲೆಟ್ ಗೇಮ್‌ನಲ್ಲಿ. ಅಲ್ಲಿ ಅಂಥ ಆಮೆಯನ್ನು ಹುಡುಕಿ ಹಿಡಿಯಬೇಕು. ನಾನು ಹಿಡಿದೂ ಇದ್ದೆ. ಆಮೇಲೆ ಗೇಮ್‌ನೊಳಗಿನ ಮಾಂಟೆನೆವೆರಾ ಊರಿಗೆ ಹೋಗಿ, ಅದಕ್ಕೆ ಚಿನ್ನದ ಬಾಟಲ್ ಕ್ಯಾಪ್ ಕೊಟ್ಟು ತರಬೇತಿ ಮಾಡಿಸಿದೆ. ಚಿನ್ನದ ಕ್ಯಾಪ್ ಎಲ್ಲ ಅಂಕಿಯನ್ನೂ ತುದಿಗೆ ಏರಿಸುತ್ತದೆ. ಎಲ್ಲವನ್ನೂ! ಸ್ಪೀಡೂ ಸೇರಿ. ಬೆಳ್ಳಿ ಬಣ್ಣದ ಸಾದಾ ಕ್ಯಾಪ್ ಕೊಟ್ಟಿದ್ದರೆ ಬೇಕಾದ್ದನ್ನಷ್ಟೇ ಏರಿಸಬಹುದಿತ್ತು. ರಾತ್ರಿ ಹನ್ನೆರಡು ಗಂಟೆಗೆ ಮಾಡಿದ ಕೆಲಸ. ತಂಡದ ಪಟ್ಟಿ ಕಳಿಸಿಬಿಟ್ಟೆ, ಮರುಪರಿಶೀಲನೆ ಇಲ್ಲ. ಮಂಡಿಯಲ್ಲಿ ಹೀಗೆ ಮಾಡಿದ್ದರೆ ಯಜಮಾನರು ಸುಮ್ನೆ ಬಿಡುತ್ತಿರಲಿಲ್ಲ.

ಗೊತ್ತಾಗಿದ್ದು ಎರಡನೇ ಸುತ್ತಿನಲ್ಲಿ. ಎದುರಿಗೆ ಚೆನ್ನೈ ಹುಡುಗ, ಅವನ ತಂಡದಲ್ಲಿ ಅಮೂಂಗಸ್ ಎಂಬ ಅಣಬೆ. ನಿದ್ದೆ ಬರಿಸುವ ಸ್ಪೋರ್ ಅದರ ಕೆಲಸ. ಆ ಅಣಬೆಯ ಕನಿಷ್ಠ ಸ್ಪೀಡ್ 31. ನನ್ನ ಆಮೆಯದ್ದು 22 ಇರಬೇಕು. ಟ್ರಿಕ್ ರೂಮ್‌ನಲ್ಲಿ ನಾನೇ ಮೊದಲು. ಧೈರ್ಯವಾಗಿ ಎರಪ್ಷನ್ ಒತ್ತಿದೆ. ಅಣಬೆ ಮೊದಲು ಎದ್ದು ಸ್ಪೋರ್ ಎರಚಿತು. ಆಮೆ ಮೂರು ಟರ್ನ್ ಗೊರಕೆ ಹೊಡೆಯಿತು. ಕಣ್ಣು ಬಿಡುವ ಹೊತ್ತಿಗೆ ಟ್ರಿಕ್ ರೂಮ್ ಮುಗಿದಿತ್ತು, ಆ ಆಟವೂ ಮುಗಿಯಿತು.

ಸ್ವಲ್ಪ ಹೊತ್ತು ಪೆನ್ನಿನ ತುದಿ ಕಚ್ಚುತ್ತಾ ಕೂತೆ. ನನ್ನ ಆಮೆ 31ಕ್ಕಿಂತ ಜೋರಾಗಿದೆ ಅಂದುಕೊಂಡಾಗ ಆ ಚಿನ್ನದ ಕ್ಯಾಪ್ ನೆನಪಾಯಿತು. ಐವಿ 31 ಇದ್ದರೆ ಅದರ ಸ್ಪೀಡ್ 36. ಹದಿನಾಲ್ಕು ಪಾಯಿಂಟ್! ಪಟ್ಟಿ ಕೊಟ್ಟ ಮೇಲೆ ಏನೂ ಬದಲಿಸುವಂತಿಲ್ಲ. ದಿನವಿಡೀ ಈ ಓಡುವ ಆಮೆಯ ಜೊತೆಗೇ ಇರಬೇಕು.

ಪುಣ್ಯಕ್ಕೆ ಹ್ಯಾಟರೀನ್‌ಗೆ ಚಿನ್ನದ ಕ್ಯಾಪ್ ಸಿಕ್ಕಿರಲಿಲ್ಲ, ಇದ್ದದ್ದೇ ಒಂದು. ಅವಳ ಸ್ಪೀಡ್ 30, ಅಣಬೆಗಿಂತ ಒಂದೇ ಒಂದು ಕಡಿಮೆ. ಅದೇ ಸುತ್ತಿನ ಎರಡನೇ ಆಟದಲ್ಲಿ ಆಮೆಗೆ, ಆ ಟರ್ನ್ ಏಟು ತಾಗದಂತೆ ತಡೆಯುವ ಪ್ರೊಟೆಕ್ಟ್ ಹೇಳಿ, ಹ್ಯಾಟರೀನ್ ಕೈಲಿ ಅಣಬೆಗೆ ಸೈಕಿಕ್ ಹೊಡೆಸಿದೆ. ಅಣಬೆ ಬಾಯಿ ತೆರೆಯುವ ಮುಂಚೆ ಸೋತು ಬಿತ್ತು. ಮೂರನೇ ಆಟದಲ್ಲಿ ಹುಡುಗ ಅಣಬೆಗೆ ಪ್ರೊಟೆಕ್ಟ್ ಒತ್ತಿದ, ಒಂದು ಟರ್ನ್ ದಂಡವಾಯಿತು. ಸತತ ಎರಡನೇ ಸಲ ಪ್ರೊಟೆಕ್ಟ್ ಹಿಡಿಯುವುದು ಮೂರರಲ್ಲಿ ಒಂದು ಸಲ ಮಾತ್ರ. ಹಾಗಾಗಿ ಮತ್ತೆ ಸೈಕಿಕ್. ಹಿಡಿಯಲಿಲ್ಲ. ಕೈ ಕುಲುಕುವಾಗ ಅವನು ನಿನ್ನ ಆಮೆಗೆ ಏನಾಗಿದೆ ಅಂತ ಕೇಳಿದ. ನಕ್ಕು ಸುಮ್ಮನಾದೆ. ನಾವು ಹಂಚಿಕೊಂಡಿದ್ದ ಟೀಮ್ ಶೀಟ್‌ನಲ್ಲಿ ಏಟುಗಳು, ಐಟಂ, ಎಬಿಲಿಟಿ, ಟೆರಾ ಟೈಪ್ ಎಲ್ಲ ಇದ್ದವು. ಸ್ಪೀಡ್ ಇರಲಿಲ್ಲ.

ಊಟದ ಹೊತ್ತಿಗೆ, ಚಿತ್ರಾನ್ನದ ಡಬ್ಬಿ ತೆರೆದು ಕೂತಾಗ ಇನ್ನೊಂದು ಹೊಳೆಯಿತು. ಟ್ರಿಕ್ ರೂಮ್ ಇಲ್ಲದಿದ್ದರೆ 36 ಎನ್ನುವುದು 31ಕ್ಕಿಂತ ಜೋರು ಅಲ್ವಾ? ಆಮೇಲೆ ಇನ್ನೊಬ್ಬ ಅಣಬೆಯವನು ಸಿಕ್ಕಿದ. ಟ್ರಿಕ್ ರೂಮ್ ಹಾಕಲೇ ಇಲ್ಲ. ಅಣಬೆಯ ಪಕ್ಕದಲ್ಲಿದ್ದದ್ದೂ ಆಮೆಯಷ್ಟೇ ಜಡ. ಆಮೆ ಮೊದಲು ಹೋಗಿ, ತಾನೇ ತರುವ ಬಿಸಿಲಿನಿಂದ ಬಲ ಏರಿದ ಎರಪ್ಷನ್ ಎರಚಿ ಅಣಬೆಯನ್ನು ಸುಟ್ಟಿತು. ಆತ ಸ್ಕ್ರೀನ್ ನೋಡಿದ, ಶೀಟ್ ನೋಡಿದ, ಮತ್ತೆ ಸ್ಕ್ರೀನ್ ನೋಡಿದ.

ಒಟ್ಟು ಏಳು ಸುತ್ತು. ನಾಲ್ಕು ಗೆಲುವು, ಮೂರು ಸೋಲು. ಮುಂದಿನ ಹಂತಕ್ಕೆ ಸಾಲಲಿಲ್ಲ. ಒಂದು ಸೋಲಿಗೆ ಮಾತ್ರ ಆಮೆಯನ್ನು ಬೈಯಬಹುದು, ಎದುರಿನವನ ಆಮೆ ನಿಜವಾದ 22ರದ್ದಾಗಿತ್ತು. ಉಳಿದೆರಡು ನನ್ನ ಅವಸರ.

ರಾತ್ರಿ ಯಶವಂತಪುರದಲ್ಲಿ ರೈಲು ಹತ್ತಿ, ಕಿಟಕಿ ಪಕ್ಕ ಸೀಟು ಸಿಕ್ಕ ಕೂಡಲೇ ಸ್ವಿಚ್ ತೆಗೆದು ಹೊಸ ಟಾರ್ಕೋಲ್ ಹಿಡಿಯಲು ಶುರು ಮಾಡಿದೆ. ಸ್ಪೀಡ್ ಸೊನ್ನೆ ಸಿಗುವುದು 32ರಲ್ಲಿ ಒಂದು. ಕ್ಯಾತ್ಸಂದ್ರ ದಾಟುವಾಗ ಹತ್ತೊಂಬತ್ತು ಆಮೆ ಆಗಿತ್ತು. ಹತ್ತೊಂಬತ್ತೂ ಚುರುಕು.