ಬಾಟಲಿ ಖಾಲಿ ಮಾಡಿಸಲೇಬೇಕು ಅನ್ನೋ ಹಟ ಬೇಡ

ಹೊಸ ತಾಯಂದಿರೇ, ಮಗು ಅತ್ತಾಗಲೆಲ್ಲ ಹಾಲೇ ಕೊಡಬೇಕಾಗಿಲ್ಲ. ಹಸಿದ ಮಗು ಅಳುವ ಮೊದಲೇ ಕೈ ಬಾಯಿಗಿಟ್ಟುಕೊಂಡು ಚೀಪುತ್ತದೆ, ತಲೆ ತಿರುಗಿಸಿ ಮೊಲೆ ಹುಡುಕುತ್ತದೆ. ಹೊಟ್ಟೆ ತುಂಬಿದರೆ ಚೀಪುವುದು ನಿಧಾನವಾಗುತ್ತದೆ, ಬಿಗಿಹಿಡಿದ ಮುಷ್ಟಿ ಸಡಿಲಾಗುತ್ತದೆ, ಮುಖ ಆಚೆ ತಿರುಗುತ್ತದೆ. ಅಲ್ಲಿಗೇ ನಿಲ್ಲಿಸಿ. ಉಳಿದ ಹಾಲನ್ನು ಒತ್ತಾಯದಿಂದ ಕುಡಿಸುತ್ತಾ ಹೋದರೆ ಹೊಟ್ಟೆ ತುಂಬಿದ್ದನ್ನು ಗುರುತಿಸುವ ಮಗುವಿನ ಸಹಜ ಶಕ್ತಿಯೇ ಮಂಕಾಗುತ್ತದೆ.

6 ತಿಂಗಳವರೆಗೆ ಎದೆಹಾಲು ಮಾತ್ರ ಸಾಕು, ನೀರೂ ಬೇಡ. ವೈದ್ಯರು ಶಿಶುಗಳ ಪುಡಿ ಹಾಲು (ಫಾರ್ಮುಲಾ) ಹೇಳಿದ್ದರೆ ಮೊದಲು ನೀರು ಅಳೆಯಿರಿ, ಆಮೇಲೆ ಡಬ್ಬದಲ್ಲಿ ಬರುವ ಚಮಚದಲ್ಲಿ ಸಮತಟ್ಟಾಗಿ ಪುಡಿ ಹಾಕಿ. ಚಮಚ ಗೋಪುರವಾಗಿ ತುಂಬಿದರೆ ಕ್ಯಾಲೊರಿ ಹೆಚ್ಚಾಗುತ್ತದೆ, ಮಲಬದ್ಧತೆಯೂ ಬರಬಹುದು. ಹಾಗಂತ ತೆಳ್ಳಗೂ ಮಾಡಬೇಡಿ.

6 ತಿಂಗಳು ತುಂಬಿದ ಮೇಲೆ ರಾಗಿ ಸರಿ 2–3 ದೊಡ್ಡ ಚಮಚದಿಂದ ಶುರುಮಾಡಿ. ಸಕ್ಕರೆ, ಬೆಲ್ಲ, ಜ್ಯೂಸ್, ಬಿಸ್ಕೆಟ್ 2 ವರ್ಷದವರೆಗೆ ಬೇಡವೇ ಬೇಡ. ಮೊಬೈಲ್ ತೋರಿಸಿ ತಿನ್ನಿಸಬೇಡಿ.

"ಮಗು ಸೊರಗಿದೆ" ಅನ್ನುವ ಅಜ್ಜಿಯಂದಿರಿಗೆ ತಾಯಿ ಕಾರ್ಡಿನ ಬೆಳವಣಿಗೆ ಗೆರೆ ತೋರಿಸಿ. ಅಂಗನವಾಡಿಯಲ್ಲಿ ತೂಕದ ಜೊತೆ ಉದ್ದವನ್ನೂ ಅಳೆಸಿ. ಗೆರೆ ಸರ್ರನೆ ಮೇಲೇರಿದರೆ ಹಾಲು ಕಡಿತ ಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ.