ಡೈನಮೋ ಮತ್ತು ಬ್ಯಾಟರಿಯ ನಡುವೆ ಕಳೆದುಹೋದ ಒಂದು ವೋಲ್ಟ್

ಹುಣ್ಣಿಮೆಯ ರಾತ್ರಿ ಗಾಣಗಾಪುರದಿಂದ ಭಕ್ತರನ್ನು ಕರೆದುಕೊಂಡು ಕಲಬುರಗಿಗೆ ಮರಳುತ್ತಿದ್ದೆ. ಚೌಡಾಪುರ ದಾಟುವಷ್ಟರಲ್ಲಿ ಹೆಡ್‌ಲೈಟಿನ ಬೆಳಕು ಹಳದಿಗೆ ತಿರುಗಿತು. ಎಸಿಯ ಬ್ಲೋವರ್ ನಿಲ್ಲಿಸಿದರೆ ಬೆಳಕು ಏರುತ್ತದೆ, ಹಚ್ಚಿದರೆ ಮತ್ತೆ ಇಳಿಯುತ್ತದೆ. ಹಿಂದಿನ ಸೀಟಿನಲ್ಲಿ ಕೂಸು ಮಲಗಿಸಿಕೊಂಡ ತಾಯಿಯೊಬ್ಬರಿದ್ದರು. ಆ ಸೆಕೆಯಲ್ಲಿ ಎಸಿ ಆರಿಸಲು ನನಗೆ ಮನಸ್ಸು ಬರಲಿಲ್ಲ. ಬೆಳಕಿಲ್ಲದೆ ಓಡಿಸಲು ಧೈರ್ಯವೂ ಬರಲಿಲ್ಲ. ಕೊನೆಗೆ ಎಸಿಯನ್ನೇ ಆರಿಸಿದೆ.

ಹದಿನೈದು ದಿನಗಳ ಹಿಂದಷ್ಟೇ ಇಂಜಿನ್ ತಿರುಗಿದಾಗ ಗಾಡಿಗೆ ಕರೆಂಟು ಹುಟ್ಟಿಸುವ ಹಳೆಯ 45 ಆಂಪಿಯರಿನ ಡೈನಮೋ ತೆಗೆಸಿ 90 ಆಂಪಿಯರಿನದನ್ನು ಕೂರಿಸಿದ್ದೆ. ಕಂಪನಿಯ ಪುಸ್ತಕದಲ್ಲಿ ಅದರ ಹೆಸರು ಆಲ್ಟರ್ನೇಟರ್. ನಮ್ಮ ಗ್ಯಾರೇಜುಗಳಲ್ಲಿ ಇಂದಿಗೂ ಅದು ಡೈನಮೋ. ಎರಡು ಬ್ಲೋವರ್, ಕಂಡೆನ್ಸರ್ ಫ್ಯಾನ್, ಲೈಟು, ಟೇಪು ಎಲ್ಲ ಸೇರಿ ನನ್ನ ಗಾಡಿಗೆ ಸುಮಾರು 60 ಆಂಪಿಯರ್ ಬೇಕು. ಲೆಕ್ಕದ ಪ್ರಕಾರ 90 ಧಾರಾಳವಾಗಿ ಸಾಕಾಗಬೇಕಿತ್ತು.

ಮರುದಿನ ತೋರಿಸಿದ ಕಡೆ, ಕಟೌಟ್ (ಡೈನಮೋದ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್) ಹೋಗಿದೆ ಎಂದರು. ಬದಲಾಯಿಸಿದೆವು, ಹಣ ಹೋಯಿತು, ದೋಷ ಹೋಗಲಿಲ್ಲ. ಇನ್ನೊಂದು ಕಡೆ, ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಟರ್ಮಿನಲ್ ಬಿಚ್ಚಿ ಡೈನಮೋ ಪರೀಕ್ಷಿಸಲು ಹೊರಟರು. ನಾನು ಕೈ ಅಡ್ಡ ಹಿಡಿದೆ. ಬ್ಯಾಟರಿ ಕಡಿದುಹೋದ ಕ್ಷಣದಲ್ಲಿ ಡೈನಮೋದ ವೋಲ್ಟೇಜ್ ಒಮ್ಮೆಲೇ ಹಲವು ಪಟ್ಟು ಜಿಗಿಯುತ್ತದೆ. ಹಳೆಯ ಕಾಲದ ಗಾಡಿಗಳು ಅದನ್ನು ತಡೆದುಕೊಂಡಿರಬಹುದು. ಈಗಿನ ಗಾಡಿಯಲ್ಲಿ ಕಟೌಟ್, ಡೈನಮೋದ ಎಸಿ ಕರೆಂಟನ್ನು ಡಿಸಿ ಮಾಡುವ ಡಯೋಡ್ ಪ್ಲೇಟು, ಇಂಜಿನನ್ನು ನಡೆಸುವ ಕಂಪ್ಯೂಟರ್ ಆದ ಇಸಿಎಂ ಯಾವುದು ಬೇಕಾದರೂ ಸುಟ್ಟುಹೋಗಬಹುದು. ಆ ಪರೀಕ್ಷೆಯನ್ನು ಯಾರಾದರೂ ನಿಮ್ಮ ಗಾಡಿಗೆ ಮಾಡಲು ಬಂದರೆ ದಯವಿಟ್ಟು ತಡೆಯಿರಿ.

ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಕಲಿತವನು ನಾನು, ಮೀಟರ್ ಮನೆಯಲ್ಲೇ ಇತ್ತು. ತಂತಿಯ ಸುತ್ತ ಹಿಡಿದು ಡಿಸಿ ಆಂಪಿಯರ್ ಅಳೆಯುವ ಕ್ಲಾಂಪ್ ಮೀಟರನ್ನು ಗೆಳೆಯನಿಂದ ತಂದೆ. ಬೆಳಗ್ಗೆ, ಇಂಜಿನ್ ಹಚ್ಚುವ ಮೊದಲು, ಬ್ಯಾಟರಿ 12.6 ವೋಲ್ಟ್ ತೋರಿಸಿತು, ಅದು ತುಂಬಿದ ಬ್ಯಾಟರಿಯ ಲಕ್ಷಣ. ಇಂಜಿನನ್ನು 2000 ಸುತ್ತಿಗೆ ಏರಿಸಿ, ಲೈಟು, ಬ್ಲೋವರ್ ಯಾವ ಲೋಡನ್ನೂ ಹಚ್ಚದೆ ನೋಡಿದರೆ 14.2. ಇಷ್ಟನ್ನೇ ನೋಡಿ ಎಲ್ಲ ಸರಿಯಿದೆ ಎಂದು ಹೇಳಿ ಕಳಿಸುವವರು ಬಹಳ. ನಾನು ಲೈಟು, ಬ್ಲೋವರ್, ಫ್ಯಾನ್ ಎಲ್ಲವನ್ನೂ ಹಚ್ಚಿದೆ. ಬ್ಯಾಟರಿಯ ಮೇಲೆ 13.2ಕ್ಕೆ ಇಳಿಯಿತು. ಅದೇ ಹೊತ್ತಿಗೆ ಕರೆಂಟು ಹೊರಬರುವ ಡೈನಮೋದ ದಪ್ಪ ಬೋಲ್ಟಿನ ಮೇಲೆ ಮೀಟರಿನ ತಂತಿಯ ಒಂದು ಮುಳ್ಳು, ಡೈನಮೋದ ಮೈ ಮೇಲೆ ಇನ್ನೊಂದು ಮುಳ್ಳು ಇಟ್ಟು ನೋಡಿದೆ: 14.3!

ಡೈನಮೋ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು. ಆ 1.1 ವೋಲ್ಟ್ ದಾರಿಯಲ್ಲಿ ಎಲ್ಲಿಯೋ ಸೋರಿಹೋಗುತ್ತಿತ್ತು.

ಸೋರಿಕೆ ಎಲ್ಲಿದೆ ಎಂದು ಹುಡುಕಲು ಮೀಟರಿನ ಎರಡೂ ಮುಳ್ಳುಗಳನ್ನು ಒಂದೇ ತಂತಿಯ ಎರಡು ತುದಿಗೆ ಇಡಬೇಕು, ಲೋಡು ಓಡುತ್ತಿರುವಾಗಲೇ. ಡೈನಮೋದ ಬೋಲ್ಟಿನಿಂದ ಬ್ಯಾಟರಿಯ ಪ್ಲಸ್‌ಗೆ ಇಟ್ಟೆ: 0.7. ಡೈನಮೋದ ಮೈಯಿಂದ ಬ್ಯಾಟರಿಯ ಮೈನಸ್‌ಗೆ ಇಟ್ಟೆ: 0.4. ಎರಡೂ ಕೂಡಿದರೆ ಸರಿಯಾಗಿ 1.1. ಕಳ್ಳ ಸಿಕ್ಕ, ಅದೂ ಇಬ್ಬರು.

ಪ್ಲಸ್ ಕಡೆಯದು ಹಳೆಯ ಡೈನಮೋದ ಕಾಲದ 6 ಚದರ ಮಿಲಿಮೀಟರಿನ ತಂತಿ, ಉದ್ದ 1.8 ಮೀಟರ್. ತಾಮ್ರದ ಲೆಕ್ಕ ಹಾಕಿದರೆ 60 ಆಂಪಿಯರಿಗೆ ಆ ತಂತಿಯಲ್ಲೇ 0.3 ವೋಲ್ಟ್ ಹೋಗುತ್ತದೆ. ಉಳಿದ 0.4 ಎಲ್ಲಿ? ಇಂಜಿನ್ ಆರಿಸಿ ಬ್ಯಾಟರಿ ಕಡೆಯ ಥಿಂಬಲ್ಲಿಗೆ, ಅಂದರೆ ತಂತಿಯ ತುದಿಗೆ ಕೂರಿಸಿದ ಲೋಹದ ಬಳೆಗೆ, ಬೆರಳು ತಾಗಿಸಿದೆ, ಚುರ್ ಎಂದಿತು. 0.4 ವೋಲ್ಟನ್ನು 60 ಆಂಪಿಯರಿನಿಂದ ಗುಣಿಸಿದರೆ 24 ವ್ಯಾಟ್. ಅಂದರೆ ರೇಡಿಯೋ ರಿಪೇರಿಯ ಸಣ್ಣ ಸೋಲ್ಡರಿಂಗ್ ಐರನ್ನು ಆ ಥಿಂಬಲ್ಲಿನೊಳಗೆ ಸದಾ ಉರಿಯುತ್ತಿದ್ದ ಹಾಗೆ. ಕತ್ತರಿಸಿ ಬಿಡಿಸಿದಾಗ ಎಳೆಗಳು ಕಪ್ಪಗೆ ಸುಟ್ಟು ಹಪ್ಪಳದಂತೆ ಪುಡಿಯಾದವು. ಯಾರೋ ಅದನ್ನು ಇಕ್ಕಳದಿಂದ ಹಿಚುಕಿ ಕೂರಿಸಿದ್ದರು, ಒಳಗಿನ ಎಳೆಗಳಲ್ಲಿ ಅರ್ಧಕ್ಕೆ ಹಿಡಿತವೇ ಇರಲಿಲ್ಲ.

ಅರ್ಥ್ ಕಡೆಯದು, ಅಂದರೆ ಮೈನಸ್ ಕಡೆಯದು, ಇನ್ನೂ ಸರಳ. ಹೊಸ ಡೈನಮೋಗಾಗಿ ಬೆಸುಗೆಯವರಿಂದ ಬ್ರಾಕೆಟ್ ಮಾಡಿಸಿದ್ದೆ, ತುಕ್ಕು ಹಿಡಿಯಬಾರದೆಂದು ಎರಡು ಕೋಟು ಬಣ್ಣ ಬಳಿಸಿದ್ದೆ. ಬಣ್ಣದ ಮೂಲಕ ಕರೆಂಟು ಹರಿಯುವುದಿಲ್ಲ. ಬೋಲ್ಟಿನ ಎಳೆಗಳ ಮೂಲಕ ಹೇಗೋ ದಾರಿ ಮಾಡಿಕೊಂಡು ಹೋಗುತ್ತಿತ್ತು. ಸಾಲದ್ದಕ್ಕೆ ಇಂಜಿನಿನಿಂದ ಚಾಸಿಗೆ ಬರುವ ಹೆಣೆದ ಪಟ್ಟಿಯ ಮೇಲೆ ಸೇಡಂ ರಸ್ತೆಯ ಧೂಳು, ಎಣ್ಣೆ, ಹಸಿರು ಕಿಲುಬು ಒಂದರ ಮೇಲೊಂದು ಕೂತಿದ್ದವು.

ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿದೆ. ಇದನ್ನು ಮರೆಯಬಾರದು, ಕೀಲಿ ತೆಗೆದರೂ ಡೈನಮೋದ ಬೋಲ್ಟಿನಲ್ಲಿ ಬ್ಯಾಟರಿಯ ಕರೆಂಟು ಇದ್ದೇ ಇರುತ್ತದೆ, ಪಾನಾ ಚಾಸಿಗೆ ತಾಗಿದರೆ ಕಿಡಿ ಹಾರುತ್ತದೆ. 25 ಚದರ ಮಿಲಿಮೀಟರಿನ ಕೇಬಲ್ ತಂದು, ಪ್ರೆಸ್ಸಿನಲ್ಲಿ ಥಿಂಬಲ್ ಒತ್ತಿಸಿ, ಬ್ಯಾಟರಿಯ ಹತ್ತಿರ 125 ಆಂಪಿಯರಿನ ಫ್ಯೂಸ್ ಹಾಕಿದೆ. ಬ್ರಾಕೆಟ್ಟಿನ ಬಣ್ಣವನ್ನು ಬೆಳ್ಳಗಾಗುವವರೆಗೆ ಕೆರೆದೆ. ಡೈನಮೋದ ಮೈಯಿಂದ ನೇರವಾಗಿ ಬ್ಯಾಟರಿಯ ಮೈನಸ್‌ಗೆ ಅಷ್ಟೇ ದಪ್ಪದ ಇನ್ನೊಂದು ಕೇಬಲ್ ಎಳೆದೆ. ಪ್ಲಸ್ ಕಡೆಯ ನಷ್ಟ 0.1ಕ್ಕೆ, ಅರ್ಥ್ ಕಡೆಯದು 0.05ಕ್ಕೆ ಇಳಿಯಿತು.

ಈ ಡೈನಮೋದ ಕಟೌಟಿಗೆ ಸೆನ್ಸ್ ತಂತಿಯೊಂದಿದೆ, ವೋಲ್ಟೇಜ್ ಎಷ್ಟಿದೆ ಎಂದು ನೋಡುವ ಅದರ ಕಣ್ಣು. ಕೂರಿಸಿದವರು ಅದನ್ನು ಡೈನಮೋದ ಬೋಲ್ಟಿಗೇ ಕಟ್ಟಿದ್ದರು. ಹಾಗಾಗಿ ತನ್ನ ಬಾಗಿಲಲ್ಲಿ 14.3 ಕಂಡು ಅದು ಸುಮ್ಮನಿತ್ತು, ಬ್ಯಾಟರಿಯ ಹಸಿವು ಅದಕ್ಕೆ ತಿಳಿಯುತ್ತಲೇ ಇರಲಿಲ್ಲ. ಆ ತಂತಿಯನ್ನು ಸಣ್ಣ ಫ್ಯೂಸಿನೊಂದಿಗೆ ಬ್ಯಾಟರಿಯ ಪ್ಲಸ್‌ಗೆ ಒಯ್ದೆ. ಕೇಬಲ್ ಸರಿಪಡಿಸದೆ ಇದೊಂದನ್ನೇ ಮಾಡಿದ್ದರೆ ಬ್ಯಾಟರಿಯಲ್ಲಿ ಅಂಕಿ ಏರುತ್ತಿತ್ತು, ಆದರೆ ಡೈನಮೋ 15 ದಾಟಿ ದುಡಿಯುತ್ತಿತ್ತು, ಥಿಂಬಲ್ ಇನ್ನೂ ಬಿಸಿಯೇರುತ್ತಿತ್ತು. ಕೇಬಲ್ ಮೊದಲು, ಸೆನ್ಸ್ ಆಮೇಲೆ.

ಇಷ್ಟಾದರೂ ಸೂಪರ್ ಮಾರ್ಕೆಟ್ ಹತ್ತಿರದ ಟ್ರಾಫಿಕ್ಕಿನಲ್ಲಿ ನಿಂತಾಗ ಬ್ಯಾಟರಿ 12.7ಕ್ಕೆ ಬರುತ್ತಿತ್ತು. ಕ್ಲಾಂಪ್ ಹಾಕಿದರೆ ಡೈನಮೋದಿಂದ ಬರುತ್ತಿದ್ದುದು 38 ಆಂಪಿಯರ್ ಮಾತ್ರ. ಇದು ತಂತಿಯ ಮಾತಲ್ಲ, ಪುಲ್ಲಿಯ ಮಾತು. ಹಳೆಯ ಪುಲ್ಲಿ 62 ಮಿಲಿಮೀಟರ್, ಹೊಸದು 72. ಇಂಜಿನಿನ ಪುಲ್ಲಿ 150. ನಿಂತಲ್ಲಿ ಇಂಜಿನ್ 750 ಸುತ್ತು ತಿರುಗಿದರೆ ಹಳೆಯದು ಸುಮಾರು 1800 ಸುತ್ತುತ್ತಿತ್ತು, ಹೊಸದು 1560. 90 ಎಂಬ ಅಂಕಿ ಡೈನಮೋ ವೇಗವಾಗಿ ತಿರುಗುವಾಗಿನದು. ನಿಧಾನದಲ್ಲಿ ಅದರ ಅರ್ಧವೂ ಬರುವುದಿಲ್ಲ. ಲೇತ್‌ನವರ ಬಳಿ ಹಳೆಯ ಪುಲ್ಲಿಯ ತೂತನ್ನು ಹೊಸ ಶಾಫ್ಟಿಗೆ ಹೊಂದುವಂತೆ ಕೊರೆಸಿದೆ. ಈಗ ನಿಂತಲ್ಲಿ ಬ್ಲೋವರನ್ನು ಎರಡನೇ ಹಂತದಲ್ಲಿಟ್ಟರೆ 13.5 ಸಿಗುತ್ತದೆ.

ಮೇ ತಿಂಗಳ ಮಧ್ಯಾಹ್ನ ಬಿಸಿಲು 42 ದಾಟಿದಾಗ, ಓಡುತ್ತಿರುವಾಗಲೂ 13.7 ಕಂಡು ಮತ್ತೆ ಬಾನೆಟ್ ಎತ್ತಿದ್ದೆ. ಎರಡೂ ಕಡೆಯ ನಷ್ಟ ಅಷ್ಟೇ ಇತ್ತು. ಕಾದ ಬ್ಯಾಟರಿಗೆ ಕಡಿಮೆ ವೋಲ್ಟೇಜ್ ಸಾಕು, ಆದ್ದರಿಂದ ಬಿಸಿಯೇರಿದಂತೆ ಕಟೌಟ್ ತಾನೇ ಇಳಿಸುತ್ತದೆ. ಮರುದಿನ ಬೆಳಗಿನ ತಂಪಿನಲ್ಲಿ ಮತ್ತೆ 14.2.

ಇನ್ನು ನನ್ನ ಕಣ್ಣಿರುವುದು ಬೆಲ್ಟಿನ ಮೇಲೆ. ಸಣ್ಣ ಪುಲ್ಲಿಯಾದ್ದರಿಂದ ಹಿಡಿತದ ಜಾಗ ಕಡಿಮೆ, ಎಳೆಯುವ ಭಾರ ಹೆಚ್ಚು. ಹದಿನೈದು ದಿನಕ್ಕೊಮ್ಮೆ ನಡುವೆ ಹೆಬ್ಬೆರಳಿನಿಂದ ಒತ್ತಿ ನೋಡುತ್ತೇನೆ, ಪುಲ್ಲಿಯ ಸುತ್ತ ಕಪ್ಪು ಪುಡಿ ಬಿದ್ದಿದೆಯೇ ಎಂದು ಬೆರಳಾಡಿಸಿ ನೋಡುತ್ತೇನೆ. ಕಳೆದ ವಾರ ಸ್ವಲ್ಪ ಕಂಡಿತು, ಬಿಗಿ ಮಾಡಿದ್ದೇನೆ.